ಹೊಗೆಗೂಡಿನ ಮುಂದೆ ಲಾಭ, ಎರಡು, ಮೂರು

ಮೊನ್ನೆ ಫೋನಿನಲ್ಲಿ ಅಮ್ಮ ಕೇಳಿದರು: "ರಾತ್ರಿ ಒಂಬತ್ತು ಗಂಟೆಗೆ ಬೀದೀಲಿ ಕೂತ್ಕೊಂಡು ಏನೋ ಮಾಡ್ತಿದ್ದೆ?"

"ಹಕ್ಕಿ ಎಣಿಸ್ತಿದ್ದೆ ಅಮ್ಮ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮೆಲ್ಲಗೆ, "ಕೆಲಸ ಹೋಗಿಲ್ಲ ತಾನೆ?"

ಕೆಲಸ ಹೋಗಿಲ್ಲ. ನಾನಿರುವುದು ಕೆನಡಾದ ಒಂಟಾರಿಯೋದಲ್ಲಿ, ಒಂದು ಸಣ್ಣ ಊರಿನಲ್ಲಿ. ಬಂದು 11 ವರ್ಷವಾಯಿತು. ಇಲ್ಲಿ ಹಳೇ ಶಾಲೆಯೊಂದಕ್ಕೆ ಎತ್ತರದ ಇಟ್ಟಿಗೆ ಚಿಮಣಿ ಇದೆ. ದಕ್ಷಿಣ ಅಮೆರಿಕದಲ್ಲಿ ಚಳಿಗಾಲ ಕಳೆದು ಬರುವ ಚಿಮಣಿ ಸ್ವಿಫ್ಟ್ ಹಕ್ಕಿಗಳು ಮೇ ತಿಂಗಳಲ್ಲಿ ಕತ್ತಲಾಗುವ ಹೊತ್ತಿಗೆ ಅದರೊಳಗೆ ಇಳಿದು ಮಲಗುತ್ತವೆ. ಕನ್ನಡದಲ್ಲಿ ಚಿಮಣಿಗೆ ಹೊಗೆಗೂಡು ಅನ್ನುತ್ತೇವಲ್ಲ, ಆ ಪದ ಕಟ್ಟಿದವರಿಗೆ ಈ ಹಕ್ಕಿ ಗೊತ್ತಿತ್ತೇನೋ ಅನಿಸುತ್ತದೆ. ಶಾಲೆಯಲ್ಲಿ ಹೊಗೆ ನಿಂತು ಎಷ್ಟೋ ಕಾಲವಾಗಿದೆ. ಗೂಡು ಮಾತ್ರ ಉಳಿದಿದೆ.

ಹಕ್ಕಿ ನಮ್ಮ ಗುಬ್ಬಿಗಿಂತ ಹಗುರ, ಇಪ್ಪತ್ತು ಗ್ರಾಂ ಚಿಲ್ಲರೆ ತೂಕ. ಮಸಿ ಬಣ್ಣ. ಇದಕ್ಕೆ ತಂತಿಯ ಮೇಲಾಗಲಿ ಕೊಂಬೆಯ ಮೇಲಾಗಲಿ ಕೂರಲು ಬರುವುದಿಲ್ಲ. ಕಾಲಿನ ರಚನೆಯೇ ಹಾಗೆ. ಒರಟು ಗೋಡೆಗೆ ಉಗುರು ಸಿಕ್ಕಿಸಿ, ಬಾಲದ ಮುಳ್ಳಿನಂಥ ಗರಿಗಳನ್ನು ಊರಿ ಜೋತುಬೀಳುವುದೊಂದೇ ಗೊತ್ತು. ಹಿಂದೆ ದೊಡ್ಡ ದೊಡ್ಡ ಮರಗಳ ಪೊಟರೆಯಲ್ಲಿ ಇರುತ್ತಿದ್ದವು. ಯುರೋಪಿನಿಂದ ಬಂದವರು ಕಾಡು ಕಡಿದು ಊರು ಕಟ್ಟಿದರು. ಹಕ್ಕಿಗಳು ಆ ಊರಿನ ಚಿಮಣಿಗಳಿಗೇ ಒಕ್ಕಲು ಹೋದವು.

ಈಗ ಆ ಚಿಮಣಿಗಳೂ ಹೋಗುತ್ತಿವೆ. ಹೊಸ ಹೀಟರಿಗೆ ಇಟ್ಟಿಗೆ ಚಿಮಣಿ ಬೇಡ. ಒಳಗೆ ನುಣುಪಾದ ಲೋಹದ ಕೊಳವೆ ಇಳಿಸುತ್ತಾರೆ, ಇಲ್ಲವೇ ಬಾಯಿಗೆ ಮುಚ್ಚಳ ಹಾಕುತ್ತಾರೆ. ಹಕ್ಕಿ ತಿನ್ನುವ ಹಾರುವ ಹುಳುಗಳೂ ಕಮ್ಮಿಯಾಗಿವೆ. 2009ರಲ್ಲಿ ಕೆನಡಾ ಸರ್ಕಾರ ಈ ಹಕ್ಕಿಯನ್ನು ಅಪಾಯದಲ್ಲಿರುವ ಜೀವಿಗಳ ಕಾನೂನಿನ ಪಟ್ಟಿಗೆ ಸೇರಿಸಿತು. ಅದಕ್ಕೇ ಈ ಎಣಿಕೆ. ಬರ್ಡ್ಸ್ ಕೆನಡಾ ಸಂಸ್ಥೆ ನಡೆಸುವ ಸ್ವಿಫ್ಟ್‌ವಾಚ್ ಅದರ ಹೆಸರು. ಮೇ ಕೊನೆಯಿಂದ ಜೂನ್ ಶುರುವಿನವರೆಗೆ ಕೆಲವು ಗೊತ್ತಾದ ಸಂಜೆಗಳು. ಎಲ್ಲ ಊರಿನವರೂ ಅದೇ ಸಂಜೆ ಕೂರಬೇಕು. ಇವತ್ತು ನಾನು, ನಾಳೆ ನೀನು ಅಂತ ಎಣಿಸಿದರೆ ಒಂದೇ ಹಕ್ಕಿ ಎರಡು ಊರಿನ ಲೆಕ್ಕಕ್ಕೆ ಬೀಳಬಹುದು ನೋಡಿ.

ನಮ್ಮ ತಂಡದಲ್ಲಿ ನಾಲ್ಕು ಜನ. ಯಜಮಾನಿಕೆ ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಟೀಚರಮ್ಮನದು. ಮಡಚುವ ಕುರ್ಚಿ, ಸೊಳ್ಳೆಗೆ ಹಚ್ಚುವ ಎಣ್ಣೆ, ಬೆರಳಿನಲ್ಲಿ ಒತ್ತುವ ಎಣಿಕೆ ಯಂತ್ರ, ಹಲಗೆಗೆ ಕ್ಲಿಪ್ ಹಾಕಿದ ಹಾಳೆ. ನನ್ನದು ಫ್ಲಾಸ್ಕಿನ ಚಹಾ. ಸೂರ್ಯ ಮುಳುಗುವ ಮುಂಚೆಯೇ ಕೂತಿರಬೇಕು. ಮೊದಲು ಎರಡೋ ಮೂರೋ ಬರುತ್ತವೆ, ಕಿಚಿಕಿಚಿ ಅಂತ ಒಂದು ಸುತ್ತು ಹಾಕಿ ಮಾಯವಾಗುತ್ತವೆ. ಆಮೇಲೆ ಎಲ್ಲಿಂದ ಬರುತ್ತವೋ, ಆಕಾಶದಲ್ಲಿ ಯಾರೋ ಸೌಟು ತಿರುಗಿಸಿದ ಹಾಗೆ ನೂರಾರು ಹಕ್ಕಿ ಒಂದೇ ದಿಕ್ಕಿಗೆ ಸುತ್ತುತ್ತವೆ. ಇನ್ನೇನು ಇಳಿದವು ಅನ್ನುವಾಗ ಚದುರುತ್ತವೆ. ಮತ್ತೆ ಸೇರುತ್ತವೆ. ಬೆಳಕು ಸಾಯುತ್ತಾ ಬಂದಾಗ ಒಂದು ಹಕ್ಕಿ ರೆಕ್ಕೆ ಮೇಲೆತ್ತಿ ಬಾಯೊಳಗೆ ಕಲ್ಲಿನಂತೆ ಬೀಳುತ್ತದೆ. ಅದರ ಹಿಂದೆ ಉಳಿದವು, ಲಾಳಿಕೆಯಲ್ಲಿ ಎಣ್ಣೆ ಸುರಿದ ಹಾಗೆ. ಅಷ್ಟು ಹೊತ್ತಿನಲ್ಲಿ ಹತ್ತತ್ತರ ಗುಂಪು ಮಾಡಿ ಎಣಿಸಬೇಕು. ನಾಲ್ಕೈದು ತುಂಟ ಹಕ್ಕಿಗಳು ಒಳಗೆ ಹೋಗಿ ಮತ್ತೆ ಆಚೆ ಬರುತ್ತವೆ, ಅವನ್ನು ಕಳೆಯಬೇಕು.

ಮೊದಲ ವರ್ಷ ನನ್ನ ಲೆಕ್ಕ 186, ಟೀಚರಮ್ಮನದು 203. "ಇರಲಿ, 200 ಅಂತ ಬರೆದುಬಿಡಿ" ಅಂದೆ. ಅವರು ಕನ್ನಡಕದ ಮೇಲಿಂದ ನೋಡಿದರು. 200 ಹಕ್ಕಿಯನ್ನು ನಮ್ಮಲ್ಲಿ ಯಾರೂ ನೋಡಿಲ್ಲವಲ್ಲ, ಅಂದರು. ಎರಡನ್ನೂ ಬರೆದುಕೊಂಡರು. ಇನ್ನೊಂದು ಸಂಜೆ ಚಳಿಗಾಳಿ, ಒಂದು ಹಕ್ಕಿಯೂ ಬರಲಿಲ್ಲ. ನಾನು ಕುರ್ಚಿ ಮಡಚಿ ಎದ್ದೆ. ಅವರು ಕೊನೆಯವರೆಗೂ ಕೂತರು. ಆಮೇಲೆ ಹಾಳೆಯಲ್ಲಿ ದುಂಡಗೆ ಒಂದು ಸೊನ್ನೆ ಬರೆದರು. ಸೊನ್ನೆಯನ್ನು ಅಷ್ಟು ಶ್ರದ್ಧೆಯಿಂದ ಬರೆಯುವವರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ನಿಜ ಹೇಳಬೇಕೆಂದರೆ, ಸ್ವಲ್ಪ ನಗುವೂ ಬಂತು.

ಯಾಕೆಂದರೆ ನಾನು ಬೆಳೆದ ಮನೆಯಲ್ಲಿ ಎಣಿಸುವುದೇ ತಪ್ಪು. ಊಟಕ್ಕೆ ಕೂತ ಮಕ್ಕಳನ್ನು ಎಣಿಸಬಾರದು, ದೃಷ್ಟಿಯಾಗುತ್ತದೆ. ಗಿಡದಲ್ಲಿರುವ ಕಾಯಿಗೆ ಬೆರಳು ತೋರಿಸಿ ಎಣಿಸಬಾರದು, ಉದುರುತ್ತದೆ. ಕಣದಲ್ಲಿ ಅಜ್ಜಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ "ಒಂದು" ಅನ್ನುತ್ತಿರಲಿಲ್ಲ. "ಲಾಭ" ಅನ್ನುತ್ತಿದ್ದರು. ಲಾಭ, ಎರಡು, ಮೂರು. ಲೆಕ್ಕ ಬೇಕು, ಆದರೆ ಲೆಕ್ಕ ಹಾಕುತ್ತಿದ್ದೇವೆ ಅಂತ ರಾಗಿಗೆ ಗೊತ್ತಾಗಬಾರದು!

ಇದನ್ನು ಮೂಢನಂಬಿಕೆ ಅಂತ ತಳ್ಳಿಹಾಕಲು ನನಗೆ ಮನಸ್ಸು ಬಾರದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನೇ ನೋಡಿ. ಹೆಜ್ಜಾರ್ಲೆಗಳು, ಬಣ್ಣದ ಕೊಕ್ಕರೆಗಳು ಮನೆ ಪಕ್ಕದ ಹುಣಸೆ ಮರದಲ್ಲೇ ಗೂಡು ಕಟ್ಟುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತ ಊರವರು ಅವನ್ನು ಸಾಕಿಕೊಂಡು ಬಂದರು. ತವರಿಗೆ ಬಂದ ಮಗಳನ್ನು ಯಾರಾದರೂ ಎಣಿಸುತ್ತಾರಾ? ಮರದ ಕೆಳಗೆ ಬಿದ್ದ ಹಿಕ್ಕೆ ಗದ್ದೆಗೆ ಗೊಬ್ಬರವಾಯಿತು.

ಒಂಟಾರಿಯೋದಲ್ಲಿ ಹಿಕ್ಕೆ ಏನಾಯಿತು ಗೊತ್ತಾ? ಕಿಂಗ್‌ಸ್ಟನ್ನಿನ ಕ್ವೀನ್ಸ್ ವಿಶ್ವವಿದ್ಯಾಲಯದಲ್ಲಿ ಫ್ಲೆಮಿಂಗ್ ಹಾಲ್ ಅಂತ ಒಂದು ಕಟ್ಟಡ. ಅದರ ಚಿಮಣಿಯಲ್ಲಿ ಸ್ವಿಫ್ಟ್‌ಗಳು ದಶಕಗಳ ಕಾಲ ಮಲಗಿದ್ದವು. 1990ರ ದಶಕದಲ್ಲಿ ಚಿಮಣಿಗೆ ಮುಚ್ಚಳ ಬಿತ್ತು. ತಳದಲ್ಲಿ ಎರಡು ಮೀಟರಿನಷ್ಟು ಹಿಕ್ಕೆ, ಪದರ ಪದರವಾಗಿ. ವಿಜ್ಞಾನಿಗಳು ಅದನ್ನು ಹಳೇ ಶ್ಯಾನುಭೋಗರ ಕಡತದಂತೆ ಬಿಡಿಸಿ ಓದಿದರು. ಡಿಡಿಟಿ ಬಂದ ಕಾಲದ ಪದರದಲ್ಲಿ ಹಕ್ಕಿ ತಿಂದ ದುಂಬಿಜಾತಿಯ ಹುಳುಗಳು ಇದ್ದಕ್ಕಿದ್ದ ಹಾಗೆ ಕಮ್ಮಿಯಾಗಿದ್ದವು. ಡಿಡಿಟಿ ನಿಂತ ಮೇಲೂ ಮೊದಲಿನಷ್ಟಕ್ಕೆ ಬರಲಿಲ್ಲ. 2012ರಲ್ಲಿ ಇದು ಪ್ರಕಟವಾಯಿತು. ನಮ್ಮಲ್ಲಿ ಹಿಕ್ಕೆ ಗೊಬ್ಬರ, ಇವರಲ್ಲಿ ದಫ್ತರ. ಎರಡೂ ಗೌರವವೇ. ಆದರೂ ಇವತ್ತು ಒಂದನ್ನೇ ಆರಿಸು ಅಂದರೆ ನಾನು ದಫ್ತರದ ಕಡೆ ಕೈ ಎತ್ತುತ್ತೇನೆ.

ಹಾಗೆ ಅನಿಸಿದ್ದಕ್ಕೆ ಕಾರಣ ನಮ್ಮೂರ ಗುಡಿ. ಮುಖಮಂಟಪದ ಚಾವಣಿಯ ಮೂಲೆಯಲ್ಲಿ ಸ್ವಿಫ್ಟ್‌ಗಳಿದ್ದವು. ಇಲ್ಲಿನವಲ್ಲ, ನಮ್ಮ ಕಡೆಯ ಜಾತಿ, ಸೊಂಟದ ಮೇಲೆ ಬಿಳಿ ಪಟ್ಟೆ. ಹುಲ್ಲು, ಗರಿಗಳನ್ನು ಎಂಜಲಿನಲ್ಲಿ ಅಂಟಿಸಿ ಒಂದಕ್ಕೊಂದು ತಾಗಿದ ಗೂಡುಗಳು. ನಾವು ಹುಡುಗರು ಅವಕ್ಕೆ ಗುಡಿಹಕ್ಕಿ ಅನ್ನುತ್ತಿದ್ದೆವು. ಸಂಜೆ ಮಂಗಳಾರತಿಯ ಹೊತ್ತಿಗೆ ಗೋಪುರದ ಸುತ್ತ ಕಿರುಚುತ್ತಾ ಹಾರುತ್ತಿದ್ದವು. ಯಾರೂ ಓಡಿಸಿದವರಲ್ಲ. ಎರಡು ವರ್ಷದ ಹಿಂದೆ ಜೀರ್ಣೋದ್ಧಾರ ಅಂತ ಚಾವಣಿ ಕೆರೆದು ಬಣ್ಣ ಬಳಿದರು. ರಜೆಗೆ ಹೋದವನು ಕೇಳಿದೆ. ಅರ್ಚಕರು "ಹತ್ತಿಪ್ಪತ್ತು ಗೂಡಿದ್ದವೇನೋಪ್ಪ" ಅಂದರು. ಚಿಕ್ಕಪ್ಪ "ನೂರಕ್ಕೆ ಮೋಸ ಇಲ್ಲ" ಅಂದರು. ಕೆಲಸ ಮಾಡಿಸಿದವರಲ್ಲಿ ಒಬ್ಬರು, "ಹಕ್ಕಿ ಎಲ್ಲಿತ್ರೀ ಅಲ್ಲಿ?" ಅಂತ ನನ್ನನ್ನೇ ಕೇಳಿದರು. ಉತ್ತರಕ್ಕೆ ನನ್ನ ಹತ್ತಿರ ಬಾಲ್ಯದ ನೆನಪು ಬಿಟ್ಟು ಒಂದು ಚೀಟಿಯೂ ಇರಲಿಲ್ಲ. ಎಣಿಸದೆ ಇದ್ದದ್ದನ್ನು ಇರಲೇ ಇಲ್ಲ ಅನ್ನುವುದು ಎಷ್ಟು ಸುಲಭ ಅಂತ ಆವತ್ತು ಗೊತ್ತಾಯಿತು.

ನಮ್ಮಲ್ಲಿ ಯಾರೂ ಎಣಿಸುವುದಿಲ್ಲ ಅಂತಲ್ಲ. ಪ್ರತಿ ಜನವರಿ ಕೆರೆ ಏರಿಯ ಮೇಲೆ ದೂರದರ್ಶಕ ಹಿಡಿದು ನೀರುಹಕ್ಕಿ ಗಣತಿ ಮಾಡುವವರಿದ್ದಾರೆ, 1987ರಿಂದ ನಡೆದಿದೆ. ಆದರೆ ಅದು ಹಕ್ಕಿಯ ಹುಚ್ಚಿರುವವರ ಕೆಲಸ. ಇಲ್ಲಿ ನನ್ನ ಪಕ್ಕ ಕೂರುವವರಲ್ಲಿ ಒಬ್ಬ ಪ್ಲಂಬರ್. ಅವನಿಗೆ ಬೇರೆ ಹಕ್ಕಿಯ ಹೆಸರು ಕೂಡ ಸರಿಯಾಗಿ ಗೊತ್ತಿಲ್ಲ.

ಹಾಗಂತ ಇವರ ದಾರಿಯೇ ದಾರಿ ಅನ್ನಲಾರೆ. ಎಣಿಸಿ ಎಣಿಸಿ ಇವರಿಗೆ ಒಂದು ಬಗೆಯ ಸಮಾಧಾನ ಬಂದುಬಿಟ್ಟಿದೆ. ಹೋದ ವರ್ಷ ಪಕ್ಕದ ಬೀದಿಯ ಚಿಮಣಿ ಉರುಳಿತು. ನಾಲ್ಕು ಜನರೂ ಬೇಜಾರು ಮಾಡಿಕೊಂಡು, ಹಾಳೆಯಲ್ಲಿ ನೀಟಾಗಿ ಬರೆದುಕೊಂಡೆವು. ಬಾಗಿಲು ತಟ್ಟಿ "ಕೆಡವಬೇಡ ಮಾರಾಯ" ಅಂತ ಯಾರೂ ಕೇಳಲಿಲ್ಲ. ಅದು ಅವರ ಖಾಸಗಿ ಆಸ್ತಿಯಂತೆ. ಮಗಳು ಬಾಣಂತನಕ್ಕೆ ಬಂದಿದ್ದಾಳೆ ಅಂದುಕೊಂಡಿದ್ದರೆ ಕೇಳುತ್ತಿದ್ದೆವೋ ಏನೋ.

ಈ ವರ್ಷದ ಮೊದಲ ಸಂಜೆ, ಮೊದಲ ಹಕ್ಕಿ ಒಳಗೆ ಬಿದ್ದಾಗ ನನ್ನ ಬಾಯಿಂದ ತಾನಾಗಿ "ಲಾಭ" ಅಂತ ಬಂತು. ಟೀಚರಮ್ಮ ಏನು ಅಂತ ಕೇಳಿದರು. ಹೇಳಿದೆ. ಅವರು ಎಣಿಕೆ ಯಂತ್ರ ಒತ್ತುತ್ತಲೇ ಆ ಪದವನ್ನು ಒಂದು ಸಲ ಹೇಳಿ ನೋಡಿದರು. "ಭ" ಬರಲಿಲ್ಲ.

ಅಮ್ಮನಿಗೂ ಒಂದು ಕೆಲಸ ಹಚ್ಚಿದ್ದೆ. ಸಂಜೆ ಗುಡಿಗೆ ಹೋದಾಗ ಹಕ್ಕಿಗಳು ವಾಪಸ್ ಬಂದಿವೆಯಾ, ಬಂದಿದ್ದರೆ ಎಷ್ಟಿವೆ ನೋಡು ಅಂತ. ನಿನ್ನೆ ಫೋನ್ ಬಂತು.

"ನೋಡ್ದೆ ಕಣೋ. ಇವೆ."

"ಎಷ್ಟಿವೆ ಅಮ್ಮ?"

"ಇವೆ ಅಂದ್ನಲ್ಲ."

ನಮ್ಮ ಹಾಳೆಯಲ್ಲಿ ಅದಕ್ಕೆ ಕಾಲಂ ಇಲ್ಲ.