ಸ್ಪಷ್ಟನೆ: ಆ ಬತಾ ವಾದಕರು ಒಬ್ಬರಲ್ಲ, ಇಬ್ಬರು

ಕಳೆದ ವಾರ ನಾನು ಬರೆದು ಹಂಚಿದ ಟಿಪ್ಪಣಿಯೊಂದು ಈಗ ಹಲವು ಗುಂಪುಗಳಲ್ಲಿ ಸುತ್ತುತ್ತಿದೆ. 'ಕ್ಯೂಬಾದ ಫ್ರಾನ್ಸಿಸ್ಕೊ ಅಗ್ವಾಬೆಯಾ 1980ರಲ್ಲಿ ದೋಣಿಯೇರಿ ಅಮೆರಿಕಕ್ಕೆ ಬಂದು ಬತಾ ಎಂಬ ಕಾಂಗೋ ಡ್ರಮ್ಮನ್ನು ಉಳಿಸಿದರು' ಎಂದು ಅದರಲ್ಲಿದೆ. ಇದು ತಪ್ಪು, ತಪ್ಪು ನನ್ನದೇ.

ಅಗ್ವಾಬೆಯಾ ಕ್ಯೂಬಾ ಬಿಟ್ಟದ್ದು 1950ರ ದಶಕದಲ್ಲಿ, ಕ್ಯಾಥರೀನ್ ಡನ್‌ಹ್ಯಾಮ್ ಅವರ ನೃತ್ಯತಂಡದ ಜೊತೆಗೆ. 1980ರಲ್ಲಿ ಕ್ಯೂಬಾದ ಮಾರಿಯೆಲ್ ಬಂದರಿನಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಅಮೆರಿಕಕ್ಕೆ ಹೊರಟಾಗ ಅವರ ನಡುವೆ ಇದ್ದವರು ಫೆಲಿಪೆ ಗಾರ್ಸಿಯಾ ವಿಯಾಮಿಲ್. ಇಬ್ಬರೂ ಮಾತಾನ್ಸಾಸ್ ಊರಿನವರು, ಇಬ್ಬರೂ ಬತಾ ವಾದಕರು. ನಾನು ಎಡವಿದ್ದು ಅಲ್ಲಿಯೇ. ಅಮೆರಿಕದ ರಾಷ್ಟ್ರೀಯ ಕಲಾ ದತ್ತಿ ಸಂಸ್ಥೆಯ ಪರಂಪರಾ ಗೌರವದ ದಾಖಲೆಗಳಲ್ಲಿ ಇವರು ಬೇರೆಬೇರೆಯಾಗಿಯೇ ಇದ್ದಾರೆ: ಅಗ್ವಾಬೆಯಾ 1992ರಲ್ಲಿ, ವಿಯಾಮಿಲ್ 2000ದಲ್ಲಿ.

ಬತಾ ಎಂದರೆ ಕಾಂಗಾ ಎಂಬ ಕ್ಯೂಬಾದ ಇನ್ನೊಂದು ಡ್ರಮ್ ಅಲ್ಲ, ಕಾಂಗೋ ಮೂಲದ್ದೂ ಅಲ್ಲ. ಕಾಂಗಾಕ್ಕೆ ಒಂದೇ ಚರ್ಮದ ಮುಖ. ಬತಾ ಪಶ್ಚಿಮ ಆಫ್ರಿಕಾದ ಯೊರುಬಾ ಜನರದು; ನಮ್ಮ ಮೃದಂಗದಂತೆ ಅಡ್ಡ ಹಿಡಿದು ಎರಡೂ ಮುಖಗಳನ್ನು ನುಡಿಸುತ್ತಾರೆ. ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಚಿಕ್ಕದು. ಇಯಾ, ಇತೋತೆಲೆ, ಒಕೊಂಕೊಲೊ ಎಂಬ ಮೂರು ವಾದ್ಯಗಳು ಸೇರಿದರೆ ಒಂದು ಬತಾ ಮೇಳ. ಎಲ್ಲಕ್ಕಿಂತ ದೊಡ್ಡದಾದ ಇಯಾ ಎಂದರೆ ತಾಯಿ. ಲಯ ಬದಲಿಸುವ ಕರೆ ಅವಳಿಂದಲೇ ಬರುತ್ತದೆ (ಈ ಸೊಗಸನ್ನು ಮೊದಲ ಟಿಪ್ಪಣಿಯಲ್ಲಿ ಬರೆಯದೇ ಬಿಟ್ಟದ್ದಕ್ಕೂ ಬೇಸರವಿದೆ).

ಹಳೆಯ ಸಂದೇಶ ನಿಮ್ಮ ಬಳಿ ಇದ್ದರೆ ಅಳಿಸಿಬಿಡಿ, ದಯವಿಟ್ಟು ಮುಂದೆ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ, ಅದೇ ಗುಂಪಿಗೆ ಇದನ್ನೂ ಹಾಕಿ.