ನೀನು ಸ್ಕ್ಯಾನ್ ಮಾಡ್ತೀಯಾ, ನಾನು ಮಾಡ್ಲಾ?

ಹೋದ ಭಾನುವಾರ ನನ್ನ ಹೆಂಡತಿಯ ತಮ್ಮ ಇಳಕಲ್ಲಿನಿಂದ ಫೋನ್ ಮಾಡಿದ. ಅವನದು ಗ್ರಾನೈಟ್ ವ್ಯಾಪಾರ. "ಭಾವ, ನೀವು ಚೀನಾದಾಗ ಇದ್ದು ಬಂದವರು. ಅಲ್ಲಿ ಸೋಶಿಯಲ್ ಮೀಡಿಯಾದಾಗ ನಮ್ಮ ಕಲ್ಲಿಗೆ ಒಂದು ಚಂದನ್ನ ಪೇಜ್ ಮಾಡಿಕೊಡ್ರಿ. ಬ್ರೋಶರ್ ರೆಡಿ ಐತಿ. ಚೀನೀ ಭಾಷೆಗೆ ಮಾಡಿ ಹಾಕಿದ್ರ ಮುಗೀತಲ್ರಿ?"

"ಅಷ್ಟಕ್ಕೇ ಮುಗಿಯಲ್ಲಪ್ಪ" ಅಂದೆ. ಯಾಕೆ ಅಂತ ಹೇಳಲು ಹೋಗಿ ಮುಕ್ಕಾಲು ಗಂಟೆ ಆಯಿತು. ಅವನಿಗೆ ಹೇಳಿದ್ದನ್ನು, ಹೇಳಲು ಮರೆತದ್ದನ್ನು ಎರಡನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಚಹಾ ಇಟ್ಟುಕೊಂಡು ಕೂತುಕೊಳ್ಳಿ.

2016ರಿಂದ 2019ರವರೆಗೆ ನಾನು ಶಿಯಾಮೆನ್‌ನಲ್ಲಿದ್ದೆ. ಫುಜಿಯಾನ್ ಪ್ರಾಂತ್ಯದ ಬಂದರು ಊರು. ನಮ್ಮ ಕಡೆಯ ಗ್ರಾನೈಟ್ ದಿಮ್ಮಿಗಳು ಹಡಗಿನಲ್ಲಿ ಹೋಗಿ ಇಳಿಯುವ ದೊಡ್ಡ ಜಾಗ ಅದು. ಪ್ರತಿ ವರ್ಷ ಅಲ್ಲಿ ಕಲ್ಲಿನ ದೊಡ್ಡ ಮೇಳ ನಡೆಯುತ್ತದೆ. ಮೊದಲ ಮೇಳಕ್ಕೆ ನಾನು ಹೊಸ ಸೂಟು ಹಾಕಿಕೊಂಡು, ಐನೂರು ವಿಸಿಟಿಂಗ್ ಕಾರ್ಡ್ ಹಿಡಿದುಕೊಂಡು ಹೋಗಿದ್ದೆ. ಖರ್ಚಾದದ್ದು ಇಪ್ಪತ್ತೋ ಮೂವತ್ತೋ. ಅಲ್ಲಿ ಯಾರೂ ಕಾರ್ಡ್ ಕೇಳಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: "ನೀನು ಸ್ಕ್ಯಾನ್ ಮಾಡ್ತೀಯಾ, ನಾನು ಮಾಡ್ಲಾ?" ಫೋನ್ ತೆಗೆದು ವೀಚಾಟ್‌ನ (ನಮ್ಮ ವಾಟ್ಸ್‌ಆ್ಯಪ್ ಥರದ ಅಲ್ಲಿನ ಆ್ಯಪ್) ಕ್ಯೂಆರ್ ಕೋಡ್ ತೋರಿಸಬೇಕು. ಅಲ್ಲಿಗೆ ನೀವು ಒಬ್ಬರಿಗೊಬ್ಬರು ಪರಿಚಯ. ಅವನ ಮಗುವಿನ ಹುಟ್ಟುಹಬ್ಬದ ಫೋಟೊ ನಿಮಗೆ ಕಾಣುತ್ತದೆ, ನಿಮ್ಮ ಇಡ್ಲಿ ಫೋಟೊ ಅವನಿಗೆ ಕಾಣುತ್ತದೆ. ಕಲ್ಲಿನ ಮಾತು ಆಮೇಲೆ.

ನಮ್ಮ ಕಂಪನಿಯವರಿಗೆ ಇದು ಅರ್ಥವಾಗಲು ಎರಡು ವರ್ಷ ಬೇಕಾಯಿತು. ಬೆಂಗಳೂರಿನ ಆಫೀಸಿನಿಂದ ಇಂಗ್ಲಿಷ್ ಬ್ರೋಶರ್ ಬಂತು. ಚೀನೀ ಅನುವಾದ ಮಾಡಿಸಿದೆವು. ವೀಚಾಟ್‌ನಲ್ಲಿ ಕಂಪನಿಯ ಅಫಿಶಿಯಲ್ ಅಕೌಂಟ್ ತೆರೆದೆವು. ಮೊದಲ ಸಾಲೇ "ಜಗತ್ತಿನ ಅತ್ಯುತ್ತಮ ಗ್ರಾನೈಟ್" ಅಂತ. ನಮ್ಮ ಆಫೀಸಿನ ಅಕೌಂಟೆಂಟ್, ಅಲ್ಲಿಯದೇ ಹೆಣ್ಣುಮಗಳು, ಓದಿದ ಕೂಡಲೇ "ಇದನ್ನ ಹಾಕೋಹಾಗಿಲ್ಲ" ಅಂದಳು. ಯಾಕಮ್ಮ ಅಂದರೆ, ಅಲ್ಲಿನ ಜಾಹೀರಾತು ಕಾನೂನಿನಲ್ಲಿ "ಅತ್ಯುತ್ತಮ", "ಅತ್ಯುನ್ನತ", "ರಾಷ್ಟ್ರಮಟ್ಟದ" ಅಂತೆಲ್ಲ ಬರೆಯುವುದೇ ತಪ್ಪು. ಸಿಕ್ಕಿಬಿದ್ದರೆ 2 ಲಕ್ಷದಿಂದ 10 ಲಕ್ಷ ಯುವಾನ್ ದಂಡ. ನಮ್ಮಲ್ಲಿ ಆ ಕಾನೂನು ಬಂದರೆ ಪೇಟೆಯ ಅರ್ಧ ಬೋರ್ಡು ಇಳಿಸಬೇಕಾಗುತ್ತದೆ, ಅಲ್ವಾ? ಬೀದಿಗೊಂದು ನಂಬರ್ ಒನ್ ಬಿರಿಯಾನಿ ಇರುವ ಊರು ನಮ್ಮದು.

ಸರಿ, ಆ ಸಾಲು ತೆಗೆದು ಪೋಸ್ಟ್ ಹಾಕಿದೆವು. ಹನ್ನೊಂದು ಜನ ಓದಿದರು. ಅದರಲ್ಲಿ ಏಳು ಜನ ನಾವೇ.

ಅದೇ ತಿಂಗಳು ಆ ಅಕೌಂಟೆಂಟ್ ಸುಮ್ನೆ ತನ್ನ ಸ್ವಂತ ವೀಚಾಟ್‌ನಲ್ಲಿ ಒಂದು ಚಿಕ್ಕ ವಿಡಿಯೊ ಹಾಕಿದಳು. ಗರಗಸ ದಿಮ್ಮಿಯನ್ನು ಸೀಳುತ್ತಿದೆ, ನೀರು ಚಿಮ್ಮುತ್ತಿದೆ, ಕಲ್ಲು ಎರಡಾಗಿ ಒಳಗಿನ ಬಣ್ಣ ಕಾಣುತ್ತದೆ. ಕೆಳಗೆ ಬರೆದದ್ದು: "ಇವತ್ತೂ ಕಿವಿ ಕಿವುಡಾಯಿತು. ಆದರೆ ಬಣ್ಣ ನೋಡಿ." ಅಷ್ಟಕ್ಕೇ ಮೂರು ಮಂದಿ ರೇಟು ಕೇಳಿದರು. ಒಬ್ಬ ಎರಡು ಕಂಟೇನರ್ ತಗೊಂಡ. ಬೆಂಗಳೂರಿಗೆ ನಾನು ಕಳಿಸಿದ ವರದಿಯಲ್ಲಿ "ಡಿಜಿಟಲ್ ಪ್ರಚಾರದ ಫಲ" ಅಂತ ಬರೆದೆ. ಅವಳಿಗೆ ಊಟ ಕೊಡಿಸಿದೆ. ಇವತ್ತಿಗೂ ಸ್ವಲ್ಪ ನಾಚಿಕೆಯಾಗುತ್ತದೆ.

ನಾನು ಅಲ್ಲಿ ನೋಡಿದ್ದು ಇಷ್ಟು. ಚೀನಾದ ಸೋಶಿಯಲ್ ಮೀಡಿಯಾದಲ್ಲಿ ಬ್ರ್ಯಾಂಡ್ ಚೆನ್ನಾಗಿ ಕಾಣಬೇಕು ಅಂದರೆ ಅದು ಮನೆಗೆ ಬಂದುಹೋಗುವ ಪರಿಚಯಸ್ಥರ ಹಾಗೆ ಇರಬೇಕು. ಮಾತಾಡಬೇಕು, ಬೈಸಿಕೊಳ್ಳಬೇಕು, ಬೈದದ್ದನ್ನು ಕೇಳಿ ತಿದ್ದಿಕೊಳ್ಳಬೇಕು. ಇದಕ್ಕೆ ಅವರಲ್ಲಿ ಒಂದು ಮಾತೇ ಇದೆ, "ತಿಂಗ್ ಚುವಾನ್". ಹೇಳಿದ ಮಾತು ಕೇಳುವವನು ಅಂತ. ಬ್ರ್ಯಾಂಡಿಗೆ ಅಲ್ಲಿ ಇದು ದೊಡ್ಡ ಹೊಗಳಿಕೆ.

ಹಾರ್ಬಿನ್ ಊರಿನ ಕತೆ ಹೇಳಿದರೆ ಇದು ಚೆನ್ನಾಗಿ ತಿಳಿಯುತ್ತದೆ. ಚೀನಾದ ಈಶಾನ್ಯ ಮೂಲೆಯಲ್ಲಿದೆ, ಚಳಿಗಾಲದಲ್ಲಿ ಸೊನ್ನೆಗಿಂತ ಇಪ್ಪತ್ತು ಮೂವತ್ತು ಡಿಗ್ರಿ ಕೆಳಗೆ. ಐಸಿನಲ್ಲಿ ಅರಮನೆ, ಗೋಪುರ ಕಟ್ಟಿ ಟಿಕೆಟ್ ಇಟ್ಟು ತೋರಿಸುವ ದೊಡ್ಡ ಪಾರ್ಕ್ ಅಲ್ಲಿದೆ. 2023ರ ಡಿಸೆಂಬರ್ 18ಕ್ಕೆ ಬಾಗಿಲು ತೆರೆದ ದಿನವೇ ರಂಪ ಆಯಿತು. ಆ ಚಳಿಯಲ್ಲಿ ಗಂಟೆಗಟ್ಟಲೆ ಕ್ಯೂ. ಜನ ಸೇರಿಕೊಂಡು "ದುಡ್ಡು ವಾಪಸ್ ಕೊಡಿ" ಅಂತ ಕೂಗಿದರು, ಆ ವಿಡಿಯೊ ಎಲ್ಲ ಕಡೆ ಹರಡಿತು. ಬೇರೆ ಊರಾಗಿದ್ದರೆ ಅಲ್ಲಿಗೆ ಆ ಸೀಸನ್ ಮುಗಿಯುತ್ತಿತ್ತು. ಇವರು ಕ್ಷಮೆ ಕೇಳಿ, ಟಿಕೆಟ್ ದುಡ್ಡು ವಾಪಸ್ ಕೊಟ್ಟು, ಕ್ಯೂ ಸರಿಮಾಡಿದರು. ಆಮೇಲೆ ಇಡೀ ಊರೇ ಹಠಕ್ಕೆ ಬಿದ್ದಂತೆ ಅತಿಥಿ ಸತ್ಕಾರಕ್ಕೆ ನಿಂತಿತು. ಅಲ್ಲಿನವರು ಹಾಗೇ ಕಚ್ಚಿ ಹೀರುವ ಹೆಪ್ಪುಗಟ್ಟಿದ ಪೇರ್ ಹಣ್ಣನ್ನು ಪ್ರವಾಸಿಗರಿಗೆ ಮಾತ್ರ ಹೂವಿನ ಹಾಗೆ ಹೆಚ್ಚಿ ತಟ್ಟೆಯಲ್ಲಿ ಜೋಡಿಸಿಕೊಟ್ಟರು. ಊರಿನವರೇ ಡೌಯಿನ್‌ನಲ್ಲಿ, ಅಂದರೆ ಚೀನಾದ ಟಿಕ್‌ಟಾಕ್‌ನಲ್ಲಿ, ವಿಡಿಯೊ ಮಾಡಿ "ಹುಟ್ಟಿದಾಗಿನಿಂದ ನಮಗೆ ಯಾರೂ ಹೀಗೆ ಹೆಚ್ಚಿಕೊಟ್ಟಿಲ್ಲ" ಅಂತ ಸುಳ್ಳು ಮುನಿಸು ತೋರಿಸಿದರು. ದಕ್ಷಿಣದಿಂದ ಬಂದ, ದಪ್ಪ ಜಾಕೆಟ್ ತೊಟ್ಟು ಗುಂಡಗೆ ಕಾಣುವ ಹುಡುಗಿಯರಿಗೆ "ದಕ್ಷಿಣದ ಪುಟ್ಟ ಆಲೂಗಡ್ಡೆ" ಅಂತ ಅಡ್ಡಹೆಸರು ಬಿತ್ತು. ಹೊಸ ವರ್ಷದ ಮೂರು ದಿನದ ರಜೆಯಲ್ಲಿ ಆ ಊರಿಗೆ ಬಂದವರು 30 ಲಕ್ಷಕ್ಕೂ ಜಾಸ್ತಿ. ಆದಾಯ 591 ಕೋಟಿ ಯುವಾನ್.

ಶುರುವಾಗಿದ್ದು ಬೈಗುಳದಿಂದ ಅನ್ನುವುದು ನೆನಪಿರಲಿ. ದುಡ್ಡು ಕೊಟ್ಟು ಜಾಹೀರಾತು ಮಾಡಿಸಿದ್ದರೆ ಆ ಹೆಚ್ಚಿದ ಹಣ್ಣು ಹೊಳೆಯುತ್ತಿರಲಿಲ್ಲ.

ಇನ್ನೊಂದು, ನಾನಿದ್ದ ಫುಜಿಯಾನ್ ಕಡೆಯದೇ ಕತೆ. ಎರ್ಕೆ ಅಂತ ಒಂದು ಶೂ ಕಂಪನಿ. ಹಳೇದು, ಸ್ವಲ್ಪ ಬಡಕಲಾಗಿತ್ತು, ನಷ್ಟದಲ್ಲಿತ್ತು. 2021ರ ಜುಲೈಯಲ್ಲಿ ಹೆನಾನ್ ಪ್ರಾಂತ್ಯದಲ್ಲಿ ಭಾರಿ ಪ್ರವಾಹ ಬಂದಾಗ ಈ ಕಂಪನಿ 5 ಕೋಟಿ ಯುವಾನ್ ಬೆಲೆಯ ನೆರವು ಕೊಡುತ್ತೇನೆ ಅಂತ ಘೋಷಿಸಿತು. ದೊಡ್ಡ ಸದ್ದೇನೂ ಮಾಡಲಿಲ್ಲ. ಜನರೇ ಕಂಡುಹಿಡಿದರು. ಟ್ವಿಟರ್ ಥರದ ವೈಬೊದಲ್ಲಿ ಕಂಪನಿಯ ಅಕೌಂಟಿಗೆ ದುಡ್ಡು ಕಟ್ಟಿ ಪಡೆಯುವ ಮೆಂಬರ್‌ಶಿಪ್ ಕೂಡ ಇರಲಿಲ್ಲ. "ಪಾಪ, ಇದಕ್ಕೂ ಕಾಸಿಲ್ಲ, ಆದರೂ 5 ಕೋಟಿ ಕೊಟ್ಟಿದಾರೆ" ಅಂತ ಜನರೇ ಕೈಯಿಂದ ಹಾಕಿ ನೂರು ವರ್ಷಕ್ಕೂ ಮೀರಿ ಮೆಂಬರ್‌ಶಿಪ್ ಕಟ್ಟಿಬಿಟ್ಟರು! ಲೈವ್‌ನಲ್ಲಿ ಶೂ ಮಾರುವ ಹುಡುಗಿಯರು "ಯೋಚನೆ ಮಾಡಿ ತಗೊಳ್ಳಿ, ಬೇಕಿದ್ದರೆ ಮಾತ್ರ ತಗೊಳ್ಳಿ" ಅಂತ ಕೇಳಿಕೊಂಡರೆ, ನೋಡುವವರು "ಯೋಚನೆ ಎಲ್ಲ ಆಗಲ್ಲ, ಕಾಡುಕಾಡಾಗಿ ತಗೋತೀವಿ" ಅಂದರು. ಆ ಅಬ್ಬರ ಆಮೇಲೆ ಇಳಿಯಿತು. ಘೋಷಿಸಿದ ನೆರವು ಪೂರ್ತಿ ಹೋಯಿತಾ ಅಂತ ಅದೇ ಜನ ಪ್ರಶ್ನೆಯನ್ನೂ ಎತ್ತಿದರು. ಅದೂ ಇದೇ ಕತೆಯ ಭಾಗವೇ. ಎತ್ತಿ ಆಡಿಸುವವರೇ ಲೆಕ್ಕವನ್ನೂ ಕೇಳುತ್ತಾರೆ.

ಈಗ ಉಲ್ಟಾ ಕತೆ. 2018ರ ನವೆಂಬರ್, ನಾನು ಅಲ್ಲೇ ಇದ್ದೆ. ಇಟಲಿಯ ಡೋಲ್ಚೆ ಅಂಡ್ ಗಬಾನಾ ಶಾಂಘೈನಲ್ಲಿ ದೊಡ್ಡ ಫ್ಯಾಷನ್ ಶೋ ಇಟ್ಟುಕೊಂಡಿತ್ತು. ಅದರ ಪ್ರಚಾರಕ್ಕೆ ಮೂರು ವಿಡಿಯೊ. ಕೆಂಪು ಡ್ರೆಸ್ ಹಾಕಿದ ಚೀನೀ ಹುಡುಗಿ ಚಾಪ್‌ಸ್ಟಿಕ್ ಹಿಡಿದು ಪಿಜ್ಜಾ, ಸ್ಪಗೆಟ್ಟಿ ತಿನ್ನಲು ಒದ್ದಾಡುತ್ತಾಳೆ. ಹಿಂದಿನಿಂದ ಒಂದು ಗಂಡು ದನಿ, ಹೀಗೆ ಹಿಡಿ, ಹಾಗೆ ತಿನ್ನು ಅಂತ ಪಾಠ ಹೇಳುತ್ತದೆ. ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಅಕೌಂಟೆಂಟ್ ಅದನ್ನು ತೋರಿಸಿ, "ಮೂರು ವರ್ಷದ ಮಗುವಿದ್ದಾಗಲೇ ಇದನ್ನ ಹಿಡಿದವರು ನಾವು. ನಮಗೇ ಕಲಿಸೋಕೆ ಬಂದಿದಾರೆ" ಅಂದಳು. ಸಿಟ್ಟಿಗಿಂತ ಅವಳ ದನಿಯಲ್ಲಿ ಬೇಸರ ಜಾಸ್ತಿ ಇತ್ತು. ಅಷ್ಟರಲ್ಲಿ ಮಾಲೀಕರಲ್ಲಿ ಒಬ್ಬರಾದ ಗಬಾನಾ ಅವರ ಇನ್‌ಸ್ಟಾಗ್ರಾಂ ಅಕೌಂಟಿನಿಂದ ಚೀನಾವನ್ನು ಹೀನಾಯವಾಗಿ ಬೈದ ಮೆಸೇಜುಗಳ ಸ್ಕ್ರೀನ್‌ಶಾಟ್ ಹೊರಬಂತು. ಅಕೌಂಟ್ ಹ್ಯಾಕ್ ಆಗಿದೆ ಅಂತ ಕಂಪನಿ ಹೇಳಿತು. ಯಾರು ನಂಬುತ್ತಾರೆ? ನವೆಂಬರ್ 21ರ ಶೋ ರದ್ದಾಯಿತು. ಆನ್‌ಲೈನ್ ಅಂಗಡಿಗಳಿಂದ ಅವರ ಸಾಮಾನು ಮಾಯವಾಯಿತು. ಕೊನೆಗೆ ಇಬ್ಬರೂ ಮಾಲೀಕರು ಕ್ಯಾಮೆರಾ ಮುಂದೆ ಕೂತು ಚೀನೀ ಭಾಷೆಯಲ್ಲಿ "ದ್ವಿಬುಚಿ" ಅಂತ ಕ್ಷಮೆ ಕೇಳಿದರು. ಆ ವಿಡಿಯೊ ನೋಡಿ ನಮ್ಮ ಆಫೀಸಿನಲ್ಲಿ ಯಾರೂ ಕರಗಲಿಲ್ಲ.

ಇದು ಹೊರಗಿನವರಿಗೆ ಮಾತ್ರ ಆಗುವ ಪಾಡಲ್ಲ. ಲಿ ಜಿಯಾಚಿ ಅಂತ ಒಬ್ಬ, ಲೈವ್‌ನಲ್ಲಿ ಲಿಪ್‌ಸ್ಟಿಕ್ ಮಾರಿ ಮನೆಮಾತಾದವನು. ಮೇಕಪ್ ಅಂಗಡಿಯ ಸಾಮಾನ್ಯ ಕೆಲಸಗಾರನಾಗಿದ್ದವನು, ಹಾಗಾಗಿ ಜನಕ್ಕೆ ಅವನು ತಮ್ಮವನು. 2023ರ ಸೆಪ್ಟೆಂಬರಿನಲ್ಲಿ ಹುಬ್ಬು ತೀಡುವ 79 ಯುವಾನ್‌ನ ಒಂದು ಪೆನ್ಸಿಲ್ ಮಾರುತ್ತಿದ್ದ. ಯಾರೋ "ದುಬಾರಿಯಾಯಿತು" ಅಂದರು. ಇವನು ರೇಗಿದ. ಎಲ್ಲಿ ದುಬಾರಿ, ಇಷ್ಟು ವರ್ಷದಲ್ಲಿ ನಿಮ್ಮ ಸಂಬಳ ಯಾಕೆ ಏರಿಲ್ಲ, ಸರಿಯಾಗಿ ಕೆಲಸ ಮಾಡಿದೀರಾ ನೋಡಿಕೊಳ್ಳಿ ಅನ್ನುವ ಅರ್ಥದಲ್ಲಿ ಅಂದುಬಿಟ್ಟ. ಆಮೇಲೆ ಅತ್ತು ಕ್ಷಮೆ ಕೇಳಿದ. ಆದರೆ 79 ಅನ್ನುವ ಅಂಕಿ ಅಷ್ಟರಲ್ಲಿ ಗಾದೆಯಾಗಿತ್ತು. ಮಜಾ ಏನು ಗೊತ್ತಾ? ಫೆಂಗ್‌ಹುವಾ ಅನ್ನುವ ಹಳೇ ಶಾಂಪೂ ಕಂಪನಿಯವರು ಅದೇ ಹೊತ್ತಿಗೆ 79 ಯುವಾನ್‌ಗೆ ಶಾಂಪೂ, ಕಂಡಿಷನರ್ ಎಲ್ಲ ಸೇರಿಸಿದ ಕಟ್ಟು ತಂದು ಇಟ್ಟರು. ಯಾರ ಹೆಸರನ್ನೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ.

ಅಲ್ಲಿ ಮಾರುವವರು ನೋಡುವವರನ್ನು ಕರೆಯುವುದೇ "ಮನೆಯವರೇ", "ಅಕ್ಕತಂಗಿಯರೇ" ಅಂತ. ನಮ್ಮ ಸಂತೆಯಲ್ಲಿ "ಬಾರಕ್ಕಾ, ತಗೋ ಅಣ್ಣಾ" ಅನ್ನುತ್ತಾರಲ್ಲ, ಅದೇ. ಹೀಗೆ ಕರೆದವನು ಒಂದು ದಿನ ಅಕ್ಕನ ಸಂಬಳ ಆಡಿಕೊಂಡರೆ ಅಕ್ಕ ಬಿಡುತ್ತಾಳಾ?

ಶಿಯಾವೊಹಾಂಗ್‌ಶು ಅನ್ನುವ ಆ್ಯಪ್ ಬಗ್ಗೆಯೂ ಬಾಮೈದನಿಗೆ ಹೇಳಿದೆ. "ಕೆಂಪು ಕಿರುಹೊತ್ತಿಗೆ" ಅಂತ ಹೆಸರಿನ ಅರ್ಥ. 2013ರಲ್ಲಿ ಶಾಂಘೈನಲ್ಲಿ ಶುರುವಾಯಿತು, ವಿದೇಶಕ್ಕೆ ಹೋದಾಗ ಏನು ಕೊಳ್ಳಬೇಕು ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುವ ಜಾಗವಾಗಿ. ಈಗ ಕ್ರೀಮು, ಹೋಟೆಲು, ಮನೆಯ ಟೈಲ್ಸು ಏನೇ ಬೇಕಿದ್ದರೂ ಹೆಣ್ಣುಮಕ್ಕಳು ಮೊದಲು ಅಲ್ಲಿ ಹುಡುಕುತ್ತಾರೆ. ಯಾರೋ ಬರೆದದ್ದನ್ನು ಓದಿ ನಿಮಗೂ ಬೇಕು ಅನ್ನಿಸಿದರೆ ಅದಕ್ಕೆ "ಹುಲ್ಲು ನೆಡುವುದು" ಅನ್ನುತ್ತಾರೆ. ಕೊಂಡು ಆಸೆ ತೀರಿಸಿಕೊಂಡರೆ "ಹುಲ್ಲು ಕೀಳುವುದು". ಎಷ್ಟು ಚೆನ್ನಾಗಿದೆ! ಅಲ್ಲಿ ತಲೆಬರಹಕ್ಕೆ ಇಪ್ಪತ್ತೇ ಅಕ್ಷರ. ಸ್ಟುಡಿಯೊ ಫೋಟೊಗಿಂತ ಅಡುಗೆಮನೆಯ ಬೆಳಕಿನಲ್ಲಿ ತೆಗೆದ, ಹಿಂದೆ ಪಾತ್ರೆ ಕಾಣುವ ಫೋಟೊವನ್ನು ಜನ ಹೆಚ್ಚು ನಂಬುತ್ತಾರೆ. ಇದು ಗೊತ್ತಾಗಿ ಬ್ರ್ಯಾಂಡುಗಳು ಬೇಕಂತಲೇ ಪಾತ್ರೆ ಇಟ್ಟು ಫೋಟೊ ತೆಗೆಸುತ್ತವೆ, ದುಡ್ಡು ಕೊಟ್ಟು "ಸಾಮಾನ್ಯ ಗ್ರಾಹಕರ" ಕೈಲಿ ಬರೆಸುತ್ತವೆ. ಜನ ಅದನ್ನೂ ಮೂಸಿ ಕಂಡುಹಿಡಿಯುತ್ತಾರೆ. ಈ ಆಟಕ್ಕೆ ಕೊನೆಯಿಲ್ಲ.

ಎಲ್ಲ ಮುದ್ದುಮುದ್ದು ಅಂತ ಮಾತ್ರ ತಿಳಿಯಬೇಡಿ. ಅಲ್ಲಿ ಮಾತಿಗೆ ಬೇಲಿ ಇದೆ, ಬೇಲಿ ಎಲ್ಲಿದೆ ಅಂತ ಬೋರ್ಡು ಹಾಕಿರುವುದಿಲ್ಲ. ಇದೇ ಲಿ ಜಿಯಾಚಿ 2022ರ ಜೂನ್ 3ರ ರಾತ್ರಿ ಲೈವ್‌ನಲ್ಲಿ ಟ್ಯಾಂಕಿನ ಆಕಾರದ ಐಸ್‌ಕ್ರೀಂ ಕೇಕ್ ತೋರಿಸಿದ. ಮರುದಿನ ತಿಯಾನನ್‌ಮನ್ ಘಟನೆಯ ದಿನ, 1989ರಲ್ಲಿ ಬೀಜಿಂಗಿನ ಪ್ರತಿಭಟನೆಯನ್ನು ಸೇನೆ ಟ್ಯಾಂಕ್ ತಂದು ಹತ್ತಿಕ್ಕಿದ ದಿನ. ಲೈವ್ ಅಲ್ಲೇ ನಿಂತಿತು. ಮೂರು ತಿಂಗಳಿಗೂ ಹೆಚ್ಚು ಕಾಲ ಅವನ ಸುಳಿವಿಲ್ಲ. ಅವನ ಅಭಿಮಾನಿಗಳಲ್ಲಿ ಎಷ್ಟೋ ಎಳೆಯರಿಗೆ ಐಸ್‌ಕ್ರೀಮಿನಲ್ಲಿ ತಪ್ಪೇನು ಅಂತಲೇ ಹೊಳೆಯಲಿಲ್ಲ, ಯಾಕೆಂದರೆ 1989ರ ಆ ವಿಷಯವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಬಲವಂತದ ದುಡಿಮೆಯ ಆರೋಪವಿದ್ದ ಶಿನ್‌ಜಿಯಾಂಗ್ ಪ್ರದೇಶದ ಹತ್ತಿ ಬೇಡ ಅಂದದ್ದಕ್ಕೆ 2021ರಲ್ಲಿ ಬಟ್ಟೆ ಕಂಪನಿ ಎಚ್ ಅಂಡ್ ಎಮ್ ಅಲ್ಲಿನ ಆನ್‌ಲೈನ್ ಅಂಗಡಿಗಳಿಂದ ಕಾಣೆಯಾದದ್ದೂ ನೆನಪಿದೆ. "ಜನರ ಸಿಟ್ಟು" ಎಷ್ಟು, ಮೇಲಿನಿಂದ ಬಂದ ಸನ್ನೆ ಎಷ್ಟು ಅಂತ ಬಿಡಿಸಿ ಹೇಳುವುದು ಅಲ್ಲಿ ಕಷ್ಟ. ನಾನು ಅಲ್ಲಿದ್ದ ದಿನಗಳಲ್ಲಿ ರಾಜಕೀಯ ಬಂದರೆ ಹವಾಮಾನದ ಮಾತಾಡುತ್ತಿದ್ದೆ. ಹೇಡಿತನ ಅನ್ನಿ, ಇರಲಿ.

ಬಾಮೈದನಿಗೆ ಇನ್ನೂ ಒಂದು ತೊಡಕಿದೆ. 2020ರ ಜೂನ್ 29ರಂದು ನಮ್ಮ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ವೀಚಾಟ್, ವೈಬೊ ಎರಡೂ ಇವೆ. ಅಲ್ಲಿ ನಮ್ಮ ಫೇಸ್‌ಬುಕ್, ಇನ್‌ಸ್ಟಾಗ್ರಾಂ ತೆರೆಯುವುದಿಲ್ಲ. ಅಂದರೆ ಇಳಕಲ್ಲಿನಲ್ಲಿ ಕೂತು ಈ ಪೇಜ್ ನಡೆಸುವ ಮಾತೇ ಇಲ್ಲ. ಅಲ್ಲಿ ಒಬ್ಬರು ಬೇಕು, ಕಾಮೆಂಟಿಗೆ ರಾತ್ರಿ ಹನ್ನೊಂದಕ್ಕೂ ಉತ್ತರ ಕೊಡುವಂಥವರು.

"ಹಂಗಾರ ಬ್ರೋಶರ್ ಬ್ಯಾಡೇನ್ರಿ ಭಾವ?" ಅಂದ. ಬೇಡ, ಕ್ವಾರಿಗೆ ಹೋಗಿ ಫೋನಿನಲ್ಲೇ ಒಂದು ವಿಡಿಯೊ ತೆಗೆದು ಕಳಿಸು ಅಂದೆ. ಮರುದಿನ ಕಳಿಸಿದ. ಚೆನ್ನಾಗಿತ್ತು. ಒಬ್ಬ ಹುಡುಗ ಬಕೆಟ್ಟಿನಿಂದ ಕಲ್ಲಿನ ಮೇಲೆ ನೀರು ಸುರಿಯುತ್ತಾನೆ, ಮಬ್ಬು ಕೆಂಪು ಕಲ್ಲು ಒಮ್ಮೆಲೇ ಕುಂಕುಮದ ಹಾಗೆ ಹೊಳೆಯುತ್ತದೆ. ಹಿಂದೆ ಯಾರೋ "ಏ, ಸರೀಪಾ ಅತ್ಲಾಗ" ಅಂತ ಕೂಗುತ್ತಾರೆ.

ಶಿಯಾಮೆನ್‌ನ ಆ ಹಳೆಯ ಸಹೋದ್ಯೋಗಿಗೆ ಅದನ್ನು ಇಮೇಲ್ ಮಾಡಿದೆ. ಈಗ ಅವಳದೇ ಸ್ವಂತ ಕಲ್ಲಿನ ವ್ಯಾಪಾರ. ಸಂಜೆಗೆ ಉತ್ತರ ಬಂತು: "ನೀರು ಸುರಿದರೆ ಯಾವ ಕಲ್ಲಾದರೂ ಹೊಳೆಯುತ್ತದೆ, ಇದು ಎಲ್ಲರಿಗೂ ಗೊತ್ತು. ಒಣಗಿದ ಮೇಲೆ ಹೇಗಿರುತ್ತದೆ ತೋರಿಸಲು ಹೇಳಿ. ಹಿಂದಿನಿಂದ ಕೂಗಿದವರ ದನಿ ತೆಗೆಯಬೇಡಿ."

ಇಳಕಲ್ಲಿಗೆ ಫೋನ್ ಮಾಡಿ ಹೇಳಿದೆ. "ಬಿಸಿಲು ಜೋರೈತ್ರಿ ಭಾವ, ಐದು ನಿಮಿಷದಾಗ ಒಣಗತೈತಿ" ಅಂದ.