ಯಾರ ಭಕ್ತಿ, ಯಾರ ದುಡಿಮೆ?

ನಿನ್ನೆ ಒಂದು ಉಪನ್ಯಾಸಕ್ಕೆ ಹೋಗಿದ್ದೆ. ಆಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ವಸಾಹತು ಕಾಲದ ಅಮೆರಿಕದ ಬಗ್ಗೆ ಮಾತು. ದೈವಭಕ್ತಿ ಮತ್ತು ದುಡಿಮೆ, ಇವೆರಡರಿಂದಲೇ ಆ ನಾಡು ಬೆಳೆಯಿತು, ನಾವೂ ಕಲಿಯಬೇಕು ಎಂದರು. ಜೋರು ಚಪ್ಪಾಳೆ. ಗುಲಾಮರ ಬಗ್ಗೆ ಒಂದೇ ಸಾಲು ಬಂತು, ಕೊನೆಯಲ್ಲಿ, ಗಡಿಬಿಡಿಯಲ್ಲಿ. ಯಾರ ದುಡಿಮೆ ಅಂತ ಹೇಳಬೇಕಿತ್ತು ಅಲ್ವಾ?

1619ರಲ್ಲಿ ಇಂಗ್ಲಿಷರ ವಸಾಹತಾದ ವರ್ಜೀನಿಯಾದ ಪಾಯಿಂಟ್ ಕಂಫರ್ಟ್‌ನಲ್ಲಿ ಇಪ್ಪತ್ತು ಚಿಲ್ಲರೆ ಆಫ್ರಿಕನ್ನರನ್ನು ಹಡಗಿನಿಂದ ಇಳಿಸಿದರು. ಗುಲಾಮಗಿರಿಯ ಗಟ್ಟಿ ಕಾನೂನು ಆಗಿನ್ನೂ ಅಲ್ಲಿರಲಿಲ್ಲ. ಕ್ರೈಸ್ತರನ್ನು ಗುಲಾಮರಾಗಿ ಇಟ್ಟುಕೊಳ್ಳಬಾರದು ಎಂಬ ಭಾವನೆ ಇಂಗ್ಲಿಷರಲ್ಲಿತ್ತು. ಎಲಿಜಬೆತ್ ಕೀ ಎಂಬ ಹೆಂಗಸು ಅದನ್ನೇ ಹಿಡಿದಳು. ಅವಳ ಅಪ್ಪ ಇಂಗ್ಲಿಷಿನವನು, ಅಮ್ಮ ಆಫ್ರಿಕದವಳು. ಅಪ್ಪ ಸ್ವತಂತ್ರ, ಕ್ರೈಸ್ತಳಾಗುವ ದೀಕ್ಷಾಸ್ನಾನವೂ ತನಗೆ ಆಗಿದೆ ಎಂದು ಕೋರ್ಟಿನಲ್ಲಿ ವಾದ ಹೂಡಿ 1656ರಲ್ಲಿ ಬಿಡುಗಡೆ ಪಡೆದಳು. ಆಮೇಲೆ? 1662ರಲ್ಲಿ, ತಾಯಿ ಗುಲಾಮಳಾದರೆ ಮಗುವೂ ಗುಲಾಮ ಎಂದು ಕಾನೂನು ಬಂತು. 1667ರಲ್ಲಿ, ದೀಕ್ಷಾಸ್ನಾನ ಆದರೂ ಬಿಡುಗಡೆ ಇಲ್ಲ ಎಂದು ಇನ್ನೊಂದು. ಅವಳು ನಡೆದ ಎರಡೂ ದಾರಿ ಬಂದ್. ಆ ಎರಡನೇ ಕಾನೂನಿನಲ್ಲೇ ಕಾರಣವೂ ಇದೆ. ದೀಕ್ಷಾಸ್ನಾನ ಆದರೆ ಗುಲಾಮ ಕೈತಪ್ಪುತ್ತಾನೋ ಎಂಬ ಅನುಮಾನ ತೀರಿದರೆ ಮಾಲೀಕರು ಕ್ರೈಸ್ತ ಧರ್ಮ ಹರಡಲು ಹೆಚ್ಚು ಮನಸ್ಸು ಮಾಡುತ್ತಾರಂತೆ. ಇದನ್ನು ಓದಿದಾಗೆಲ್ಲ ನನ್ನ ಕೈ ನಡುಗುತ್ತದೆ. ದೇವರ ಹೆಸರು ಹೇಳಿಯೇ ಬೀಗ ಹಾಕಿದರು.

ಇನ್ನು ಪಾದ್ರಿಗಳ ಸಂಬಳ. ವರ್ಜೀನಿಯಾದ 1696ರ ಕಾನೂನಿನಂತೆ ಆಂಗ್ಲಿಕನ್ (ಇಂಗ್ಲೆಂಡಿನ ಅಧಿಕೃತ ಚರ್ಚಿನ) ಪಾದ್ರಿಗೆ ವರ್ಷಕ್ಕೆ 16,000 ಪೌಂಡ್ ಹೊಗೆಸೊಪ್ಪು. ಪೌಂಡ್ ಅಂದರೆ ಇಲ್ಲಿ ಹಣವಲ್ಲ, ತೂಕ. ಆ ಸೊಪ್ಪು ನೆಟ್ಟು, ಹುಳ ಆರಿಸಿ, ಒಣಗಿಸಿದವರು ಯಾರು? ಮೊದಮೊದಲು ಇಂಗ್ಲೆಂಡಿನಿಂದ ಬಂದ ಬಡ ಜೀತದಾಳುಗಳು, ಬರಬರುತ್ತಾ ಜಾಸ್ತಿ ಗುಲಾಮರೇ. ಭಾನುವಾರದ ಪ್ರಾರ್ಥನೆ ನಡೆದದ್ದೂ ಅವರ ಬೆವರಿನಿಂದ.

ಭತ್ತ ಬೆಳೆದ ಸೌತ್ ಕೆರೊಲಿನಾ ವಸಾಹತಿನ ಮಾತು ಬಂದರೆ ನನಗೆ ಇನ್ನೂ ಸಂಕಟ. ಕೂಲಿಗೆ ನಾಟಿ ಹಾಕಿ ಮನೆ ನಡೆಸಿದವಳು ನನ್ನಜ್ಜಿ, ನಿಮಗೆ ಗೊತ್ತಲ್ಲ. ಭತ್ತ ಬೆಳೆದು ದೊಡ್ಡವರಾದರು ಎಂದು ಯಾರನ್ನಾದರೂ ಹೊಗಳಿದರೆ, ಕೆಸರಿಗೆ ಇಳಿದವರು ಯಾರು ಎಂಬ ಪ್ರಶ್ನೆಯೇ ನನಗೆ ಮೊದಲು ಬರುತ್ತದೆ. ಅಲ್ಲಿ ಜೌಗು ಕಾಡು ಕಡಿದು, ಏರಿ ಕಟ್ಟಿ, ಗುದ್ದಲಿಯಿಂದ ನೆಲ ಹದ ಮಾಡಿದವರು ಆಫ್ರಿಕದವರು. ಅವರಲ್ಲಿ ಎಷ್ಟೋ ಜನ ಪಶ್ಚಿಮ ಆಫ್ರಿಕದ ಭತ್ತ ಬೆಳೆಯುವ ಸೀಮೆಯವರು. ಮರದ ಒರಳಿನಲ್ಲಿ ಒನಕೆ ಹಿಡಿದು ಕುಟ್ಟಿದರು. ಹುಲ್ಲನ್ನು ಸುರುಳಿ ಸುತ್ತಿ ಹೆಣೆದ ಅಗಲ ಬುಟ್ಟಿಯಲ್ಲಿ ಹೊಟ್ಟು ಹಾರಿಸಿದರು. ಆ ಬುಟ್ಟಿ ಹೆಣೆಯುವ ಕೈಗಳು ಚಾರ್ಲ್ಸ್‌ಟನ್ ಸುತ್ತಮುತ್ತ ಇಂದಿಗೂ ಇವೆ. 1708ರ ಹೊತ್ತಿಗೇ ಆ ವಸಾಹತಿನಲ್ಲಿ ಆಫ್ರಿಕನ್ ಗುಲಾಮರು ಬಿಳಿಯರಿಗಿಂತ ತುಸು ಹೆಚ್ಚಿದ್ದರು. ಮಲೇರಿಯಾದ ಬೇಸಿಗೆಯಲ್ಲಿ ಎಷ್ಟೋ ಧಣಿಗಳು ಊರು ಬಿಟ್ಟು ಹೋಗುತ್ತಿದ್ದರು. ಗದ್ದೆಯಲ್ಲಿ ಉಳಿದವರು ಇವರೇ. ಭತ್ತದ ಜ್ಞಾನ ಎಷ್ಟು ಆಫ್ರಿಕದಿಂದ ಬಂತು ಎಂದು ಇತಿಹಾಸಕಾರರು ವಾದ ಮಾಡುತ್ತಾರೆ, ಮಾಡಲಿ. ದುಡಿದವರು ಯಾರು ಎಂಬುದರಲ್ಲಿ ವಾದವೇ ಇಲ್ಲ.

ಗುಲಾಮಗಿರಿಯನ್ನು ವಿರೋಧಿಸಿದವರೂ ಭಕ್ತರೇ ತಾನೇ, ಕ್ವೇಕರರು ಎಂಬ ಕ್ರೈಸ್ತ ಪಂಗಡದವರು ಇದ್ದರಲ್ಲ ಎಂದು ಕೇಳುತ್ತೀರಿ. ಇದ್ದರು. 1688ರಲ್ಲಿ ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್‌ನಲ್ಲಿ ನಾಲ್ವರು ಇದು ತಪ್ಪು ಎಂದು ಬರೆದು ಸಹಿ ಹಾಕಿದರು. ಕ್ವೇಕರ್ ಸಭೆ ಆ ಕಾಗದವನ್ನು ಮೇಲಿನ ಸಭೆಗೆ ದಾಟಿಸಿತು, ಆ ಸಭೆ ಇನ್ನೂ ಮೇಲಿನದಕ್ಕೆ. ಅಲ್ಲಿಗೆ ಅದು ಮೂಲೆ ಸೇರಿತು. ಬೆಂಜಮಿನ್ ಲೇ ಎಂಬ ಕ್ವೇಕರ್ 1738ರಲ್ಲಿ ಸಭೆಯ ನಡುವೆ ಎದ್ದು ನಿಂತು, ಪುಸ್ತಕದೊಳಗೆ ಬಚ್ಚಿಟ್ಟಿದ್ದ ಕೆಂಪು ಹಣ್ಣಿನ ರಸದ ಚೀಲಕ್ಕೆ ಕತ್ತಿ ಚುಚ್ಚಿದರು. ರಕ್ತದಂಥ ರಸ ಗುಲಾಮರನ್ನು ಇಟ್ಟುಕೊಂಡವರ ಮೇಲೆ ಸಿಡಿಯಿತು. ಲೇ ಅವರನ್ನೇ ಹೊರಹಾಕಿದರು. ಗುಲಾಮರನ್ನು ಇಟ್ಟುಕೊಳ್ಳಬಾರದು ಎಂದು ಫಿಲಡೆಲ್ಫಿಯಾದ ಕ್ವೇಕರರ ವಾರ್ಷಿಕ ಸಭೆ ತನ್ನವರಿಗೆ ಕಟ್ಟಪ್ಪಣೆ ಮಾಡಿದ್ದು 1776ರಲ್ಲಿ. 88 ವರ್ಷ! ಆ ನಾಲ್ವರಿಗೂ ಲೇ ಅವರಿಗೂ ನನ್ನ ನಮಸ್ಕಾರ. ಆದರೆ ಅವರ ಹೆಸರು ಹೇಳಿ ಉಳಿದವರನ್ನೆಲ್ಲ ಪಾರು ಮಾಡಲು ನಾನು ಒಪ್ಪಲಾರೆ. ಜಾರ್ಜ್ ವೈಟ್‌ಫೀಲ್ಡ್ ಆ ಕಾಲದ ದೊಡ್ಡ ಪ್ರವಚನಕಾರ. ಜಾರ್ಜಿಯಾದಲ್ಲಿ ಅನಾಥಾಶ್ರಮ ಕಟ್ಟಿದವರು. ಗುಲಾಮಗಿರಿಗೆ ನಿಷೇಧವಿದ್ದ ಆ ವಸಾಹತಿನಲ್ಲಿ ಅದು ಬೇಕು ಎಂದು ವಾದಿಸಿದವರೂ ಅವರೇ. 1751ರಲ್ಲಿ ನಿಷೇಧ ಹೋಯಿತು.

ಆ ಕಾಲವೇ ಹಾಗಿತ್ತು ಎಂಬ ಮಾತು ಕಾಮೆಂಟಿನಲ್ಲಿ ಬಂದೇ ಬರುತ್ತದೆ. ಗದ್ದೆಯಲ್ಲಿದ್ದವರಿಗೂ ಅದೇ ಕಾಲ. 1739ರ ಸೆಪ್ಟೆಂಬರ್‌ನ ಒಂದು ಭಾನುವಾರ ಸೌತ್ ಕೆರೊಲಿನಾದ ಸ್ಟೋನೋ ನದಿಯ ಹತ್ತಿರ ಅವರು ದಂಗೆ ಎದ್ದರು. ಡೋಲು ಬಾರಿಸುತ್ತಾ ದಕ್ಷಿಣಕ್ಕೆ, ಸ್ಪೇನಿನವರ ಫ್ಲಾರಿಡಾ ಕಡೆ ಹೊರಟರು. ಅಲ್ಲಿ ಬಿಡುಗಡೆ ಸಿಗುತ್ತಿತ್ತು. ಕಾಂಗೋ ಕಡೆಯಿಂದ ಬಂದ, ಆಗಲೇ ಕ್ಯಾಥೊಲಿಕರಾಗಿದ್ದ ಜನ ಅವರಲ್ಲಿದ್ದರು ಎನ್ನುತ್ತಾರೆ ಇತಿಹಾಸಕಾರರು. ಹಾಗಿದ್ದರೆ ಅದೂ ಭಕ್ತಿಯೇ ತಾನೇ? ಅದನ್ನು ಯಾಕೆ ಯಾರೂ ವೇದಿಕೆಯಲ್ಲಿ ಹೇಳುವುದಿಲ್ಲ? ಮರುವರ್ಷ ಸೌತ್ ಕೆರೊಲಿನಾದಲ್ಲಿ ಹೊಸ ಕಾನೂನು ಬಂತು. ಗುಲಾಮರು ಡೋಲು ಬಾರಿಸಬಾರದು, ಅವರಿಗೆ ಬರೆಯಲು ಯಾರೂ ಕಲಿಸಬಾರದು.